ಧದ ಬುಡದ ಗೀಟು

ಮನಾಮಾದ ಗುದೈಬಿಯಾದಲ್ಲಿ, ಇಸ್ತ್ರಿ ಅಂಗಡಿಯ ಮೇಲೆ,
ಎರಡನೇ ಮಹಡಿಯಲ್ಲಿ ನಮ್ಮ ಆಫೀಸು.
ಕೆಳಗಿನ ಹಬೆ ಮೇಲೆ ಬಂದು
ಕಿಟಕಿಯ ಗಾಜು ಸದಾ ಬೆವರುತ್ತದೆ.
ಹಣ ರವಾನಿಸುವ ಕಂಪನಿಯೊಂದಕ್ಕೆ
ಐದು ಭಾಷೆಯ ಪುಟ ಕಟ್ಟುತ್ತಿದ್ದೆವು.
ನನ್ನ ಪಾಲಿಗೆ ಕನ್ನಡ.

ಅಕ್ಷರಗಳನ್ನು ನಾವು ಕೊಳ್ಳುವುದಿಲ್ಲ.
ಎಲ್ಲೋ ಒಂದು ಉಗ್ರಾಣವಿದೆ, ಕೇಳಿದರೆ ಕಳಿಸುತ್ತದೆ,
ಕೇಳಿದಷ್ಟು ಸಲ ಕಳಿಸುತ್ತದೆ,
ನೀರಿನ ಲಾರಿಯ ಹಾಗೆ.
ಅರಬ್ಬಿಗೆ ಅಲ್ಲಿ ಒಂಬತ್ತು ತೂಕ,
ಕೂದಲೆಳೆಯಿಂದ ಹಿಡಿದು ಒನಕೆಯ ತನಕ.
ಇಂಗ್ಲಿಷಿಗೆ ಹದಿನೆಂಟು, ಓರೆಯಾದವೂ ಸೇರಿ.
ಕನ್ನಡಕ್ಕೆ ಒಂದು.

ಅಕ್ಷರ ಕೊರೆದಾತ ಐದು ತೂಕ ಕೊರೆದಿದ್ದಾನೆ,
ಮಾದರಿಯ ಹಾಳೆಯಲ್ಲಿ ನಾನೇ ನೋಡಿದ್ದೇನೆ:
ತೆಳು, ಸಾದಾ, ನಡು, ಅರೆದಪ್ಪ, ದಪ್ಪ.
ಉಗ್ರಾಣಕ್ಕೆ ಏರಿದ್ದು ಸಾದಾ ಮಾತ್ರ.
ಉಳಿದ ನಾಲ್ಕಕ್ಕೆ ಗಿರಾಕಿ ಇಲ್ಲವಂತೆ.
ಅಂತೆ. ಯಾರನ್ನು ಕೇಳಿದ್ದರೋ.

"ಶೀರ್ಷಿಕೆ ದಪ್ಪ ಇರಲಿ" ಅಂದಳು ಹುದಾ.
ಅವಳ ಅರಬ್ಬಿ ಸಾಲು ಮೇಲೆ ಎದೆಯುಬ್ಬಿಸಿ ನಿಂತಿತ್ತು.
ಇಲ್ಲದ ದಪ್ಪವನ್ನು ಬ್ರೌಸರ್ ತಾನೇ ಮಾಡಿಕೊಳ್ಳುತ್ತದೆ,
ಇದ್ದ ಅಕ್ಷರವನ್ನೇ ಒಂದು ಕೂದಲು ಸರಿಸಿ
ಅದರ ಮೇಲೇ ಇನ್ನೊಮ್ಮೆ ಬಳಿದು,
ಅಂಗಿಯ ಮೇಲೆ ಅಂಗಿ ತೊಟ್ಟು
ವಿಮಾನದ ತಕ್ಕಡಿ ತಪ್ಪಿಸಿಕೊಳ್ಳುವ ಪ್ರಯಾಣಿಕನಂತೆ.
ಒತ್ತಕ್ಷರಗಳು ಒಂದಕ್ಕೊಂದು ಕಚ್ಚಿಕೊಂಡವು.
ಹೊಟ್ಟೆ ಸೀಳಿದ ಷ ಹೊಟ್ಟೆ ಹೊಲಿದುಕೊಂಡಿತು.
ಧದ ಬುಡದಲ್ಲಿ ಒಂದು ಗೀಟು ಇರುತ್ತದಲ್ಲ,
ದಕ್ಕೆ ಉಸಿರು ತುಂಬುವುದು,
ಅದು ಮಸಿಯಲ್ಲಿ ಮುಳುಗಿಹೋಯಿತು.
ನಾನು ಗಮನಿಸಲಿಲ್ಲ. ನನ್ನ ಪರದೆ ದೊಡ್ಡದು.

ಸಲ್ಮಾಬಾದಿನ ಲೇಬರ್ ಕ್ಯಾಂಪಿನಿಂದ ಫೋನು.
ಕೌಂಟರಿನ ಇಕ್ಕೇರಿ ಜಫ್ರುಲ್ಲಾ ನನಗೇ ದಾಟಿಸಿದರು:
"ಬರೆದದ್ದು ನೀವು, ನೀವೇ ಉತ್ತರ ಹೇಳಿ."
ಆ ಕಡೆ ಯಮನೂರಪ್ಪ, ಕುಷ್ಟಗಿ ಕಡೆಯವನು, ಗಾರೆ ಕೆಲಸ.
"ಸರ, ಮೊಬೈಲಿನ್ಯಾಗ ನೋಡಾಕತ್ತೀನಿ,
ಹತ್ತೇ ನಿಮಿಷದಾಗ ಊರಿಗೆ ದನ ಅಂತ ಐತಿ.
ಎತ್ತಿಗೆ ಎಷ್ಟು, ಎಮ್ಮಿಗೆ ಎಷ್ಟು ದಿನಾರು?"
ಹಿಂದೆ ಹತ್ತು ಮಂದಿಯ ನಗು, ಕುಕ್ಕರಿನ ಸೀಟಿ.

ತಪ್ಪಾಯಿತು ಅನ್ನಲು ಹೋದೆ.
"ಇರ್ಲಿ ಬಿಡ್ರಿ, ಖರೇನ ಐತಿ.
ಹೋದ ಸಲ ಕಳಿಸಿದ್ದು ಹೋರಿ ಆತು,
ಈ ಸಲದ್ದು ಅದರ ಜೋಡಿ ಆಗ್ತೈತಿ."
ಆಮೇಲೆ ದನಿ ತಗ್ಗಿಸಿ:
"ಅಂಕಿ ಮಾತ್ರ ನೆಟ್ಟಗ ಬರೀರಿ ಸರ.
ಮೂರಕ್ಕೂ ಎಂಟಕ್ಕೂ ನಡುವ ಇರೋದು
ಸಣ್ಣ ಕಿಂಡಿ."

ದಪ್ಪ ತೆಗೆದುಹಾಕಿದೆ.
ಸಾದಾ ಅಕ್ಷರವನ್ನೇ ಒಂದಿಷ್ಟು ಬೆಳೆಸಿ,
ಮೇಲೆ ಕೆಳಗೆ ಬಯಲು ಬಿಟ್ಟೆ.
ಹುದಾ ತಲೆ ಓರೆ ಮಾಡಿ ನೋಡಿದಳು:
"ಯಾಕಿದು ಪಿಸುಗುಡುತ್ತಿದೆ?"
"ಉಗ್ರಾಣದಲ್ಲಿ ಇರುವುದು ಇಷ್ಟೇ."
ಅವಳು ಏನೂ ಹೇಳದೆ
ತನ್ನ ಅರಬ್ಬಿಯನ್ನು ಎರಡು ಮೆಟ್ಟಿಲು ಇಳಿಸಿದಳು.

ಮನೆಗೆ ಹೊರಟಾಗ ದೂಳುಗಾಳಿ ಆಗಷ್ಟೇ ನಿಂತಿತ್ತು.
ಕಾರಿನ ಹಿಂಗಾಜಿನ ಮೇಲೆ ಜರಡಿ ಹಿಡಿದ ಹಿಟ್ಟಿನಂಥ ಮರಳು.
ಹೆಬ್ಬೆರಳಲ್ಲಿ ಒಂದು ದ ಬರೆದೆ, ದಪ್ಪ.
ಕಿರುಬೆರಳಲ್ಲಿ ಒಂದು, ಮೂಲೆಯಲ್ಲಿ, ತೆಳು.
ತೋರುಬೆರಳು, ನಡುಬೆರಳು, ಉಂಗುರದ್ದು,
ಐದೂ ಇದ್ದವು ಕೈಯಲ್ಲಿ.
ಕೊನೆಗೆ ಉಗುರಿನಿಂದ
ಒಂದೊಂದರ ಬುಡಕ್ಕೂ ಗೀಟೆಳೆದೆ.

ಬೆಳಿಗ್ಗೆ ಶೊಫೀಕುಲ್ ಕಾರು ತೊಳೆದು ಹೋಗಿದ್ದ,
ತಿಂಗಳಿಗೆ ಐದು ದಿನಾರಿನ ಲೆಕ್ಕ.
ಮೂಲೆಯ ತೆಳು ಧ ಮಾತ್ರ ಹಾಗೇ ಇತ್ತು.
ಅವನ ಬಟ್ಟೆ ಅಷ್ಟು ದೂರ ಎಟುಕಿರಲಿಕ್ಕಿಲ್ಲ.