ಇತರೆ

ಕಳೆದ ಹದಿನೈದು ದಿನದಲ್ಲಿ
ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದಿತ್ತೇ?
ಮಾಜಾಳಿಯ ಹನ್ನೊಂದನೇ ಮನೆ, ಪ್ರಶ್ನೆ ನಾಲ್ಕು.

ಶೇವಂತಿಬಾಯಿ ತಾಂಡೇಲ ನಗುತ್ತಾಳೆ:
ಹದಿನೈದು ದಿನದ್ದೇ ಬೇಕಾ?
ಎದೆಯೊಳಗೆ ಮುಳ್ಳು ಸಿಕ್ಕಂತೆ ಆಗ್ತಿರೋದು
ಚೌತಿ ಹಬ್ಬದಿಂದ.

ಎಲ್ಲಿಗೆ ಹೋದಿರಿ?
ಮೊದಲು ಓಮದ ನೀರಿಗೆ. ಆಮೇಲೆ
ಅಂಗಡಿಯ ಪುರ್ಸು ಹತ್ತಿರ, ಗುಲಾಬಿ ಗುಳಿಗೆಗೆ.
ಬಾಂಬೋಳಿಗೆ ಹೋಗು ಅಂದ ಅಳಿಯ;
ಗಡಿ ದಾಟಿದರೆ ಬೇರೆ ಕಾಗದ ಕೇಳ್ತಾರಂತೆ.

ಕಾರವಾರದ ದೊಡ್ಡಾಸ್ಪತ್ರೆ?
ದಿನಾ ನೋಡ್ತೇನಲ್ಲ, ಬಸ್ಸಿನ ಕಿಟಕಿಯಿಂದ.
ಚೀಟಿ ಕೊಡೋದು ಒಂಬತ್ತಕ್ಕೆ, ಡಾಕ್ಟರು ಬರೋದು ಹತ್ತೂವರೆಗೆ,
ಬುಟ್ಟಿಯ ಬರ್ಫು ಅಷ್ಟು ಹೊತ್ತು ನಿಲ್ಲೂದಿಲ್ಲ.
ನೋವಾದರೆ ಕಾಯ್ತದೆ.
ಬಂಗಡೆ ಕಾಯೂದಿಲ್ಲ.
ದೋಣಿ ಬಂದಾಗಲಿ, ಜೂನಿನಲ್ಲಿ
ನಾವೆಲ್ಲ ಒಟ್ಟಿಗೇ ಕಾಯಿಲೆ ಬೀಳ್ತೇವೆ.

ಚಿಕಿತ್ಸೆ ತಡವಾಗಲು ಕಾರಣ:
ದೂರ, ಹಣ, ಭಯ, ಅರಿವಿನ ಕೊರತೆ, ಇತರೆ.
ಇತರೆಗೆ ಗುರುತು ಹಾಕಿ
ಚುಕ್ಕಿಗೆರೆಯ ಮೇಲೆ
ಬಂಗಡೆ ಎಂದು ಬರೆದೆ.

ಹೊಸಿಲು ದಾಟುವಾಗ ಕೂಗಿದಳು:
ನಿನ್ನ ಆ ಕೆಮ್ಮು ಎಷ್ಟು ದಿನದ್ದು, ಬಾಯಿ?

ಇನ್ನೂ ಆರು ಮನೆ ಇವೆ, ಎಂದೆ.