ಕಟ್ಟಿದ್ದು

ಹನ್ನೊಂದನೇ ಪುಟ, ನಾಲ್ಕನೇ ಪ್ಯಾರಾ.
ಕಂಪನಿಯ ವಕೀಲರು ಇಂಗ್ಲಿಷಿನಲ್ಲಿ ಹೇಳಿದ್ದಾರೆ:
ಅರ್ಜಿದಾರನ ಗಾಯ ಮ್ಯಾನುಫ್ಯಾಕ್ಚರ್ಡ್.
ನಾಳೆ ಹನ್ನೊಂದರೊಳಗೆ
ಅದು ಕನ್ನಡವಾಗಿ ಸಾಹೇಬರ ಮೇಜು ಸೇರಬೇಕು.
ಪುಟಕ್ಕೆ ಇಷ್ಟು ಎಂದು ನನಗೆ ಕೂಲಿ,
ಪದ ಕೈ ಕೊಟ್ಟರೂ ಅಷ್ಟೇ.

ಗೊತ್ತಿಲ್ಲದ ಪದವೇನಲ್ಲ.
ಮಾಚೇನಹಳ್ಳಿಯ ಗೇಟುಗಳ ಮೇಲೆಲ್ಲ ಇದೆ,
ಭದ್ರಾವತಿ ಬಸ್ಸಿನ ಕಿಟಕಿಯಿಂದ ಓದಿಕೊಂಡೇ ಬೆಳೆದೆ:
ಪಂಪು, ವಾಲ್ವು, ಟ್ರ್ಯಾಕ್ಟರಿನ ಹಲ್ಲುಚಕ್ರ, ಇವುಗಳ
ಮ್ಯಾನುಫ್ಯಾಕ್ಚರರ್ಸ್.
ಬಿಸ್ಕತ್ತಿನ ಪೊಟ್ಟಣದ ಬೆನ್ನಿಗಿದೆ,
ಜ್ವರದ ಗುಳಿಗೆಯ ಹಾಳೆಗಿದೆ,
ಪಕ್ಕದಲ್ಲೇ ಹುಟ್ಟಿದ ತಾರೀಕು, ಸಾಯುವ ತಾರೀಕು.
ಸರಕಿಗೂ ಜಾತಕ.

ಅಮ್ಮಿ ಬೀಡಿ ಕಟ್ಟುತ್ತಿದ್ದಳು.
ಮಡಿಲಲ್ಲಿ ಮೊರ, ಹಲ್ಲಲ್ಲಿ ಕೆಂಪು ನೂಲು,
ದಿನಕ್ಕೆ ಎಂಟುನೂರು, ಹಬ್ಬ ಹತ್ತಿರವಾದರೆ ಸಾವಿರ.
ಲೇಬಲ್ಲಿನ ಮೇಲೆ ತಯಾರಕರು ಎಂದು
ಸೇಟರ ಹೆಸರು, ಸೇಟರ ಮೀಸೆ, ಸೇಟರ ಪೇಟ.
ಸೇಟರು ಬೀಡಿ ಕಟ್ಟಿದ್ದನ್ನು
ನಮ್ಮ ಓಣಿಯಲ್ಲಿ ಯಾರೂ ಕಂಡಿಲ್ಲ.
ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಆ ಪದದ ಅರ್ಥ ಕೇಳಿದಾಗ
ಎದ್ದು ನಿಂತು "ಬೀಡಿ ಕಟ್ಟೋದು ಸಾರ್" ಅಂದೆ.
ಇಡೀ ಕ್ಲಾಸು ನಕ್ಕಿತು.
ಅವರು "ಉತ್ಪಾದನೆ" ಎಂದು ಹಲಗೆಯ ಮೇಲೆ ಬರೆದು
ಕೈಯ ಬಿಳಿ ಪುಡಿ ಕೊಡವಿಕೊಂಡರು.

ಇವತ್ತು ನಿಘಂಟು ತೆಗೆದೆ, ಬೈಂಡು ಬಿಟ್ಟ ಹಳೆಯದು.
ಒಂದು: ಸರಕು ತಯಾರಿಸುವುದು.
ಎರಡು: ಯಂತ್ರದಿಂದ, ರಾಶಿಗಟ್ಟಲೆ.
ಮೂರು: ಇಲ್ಲದ್ದನ್ನು ಇದೆಯೆಂದು ಹುಟ್ಟಿಸುವುದು;
ಸಾಕ್ಷಿ, ನೆಪ, ಸುದ್ದಿ.
ಕೊನೆಗೆ, ಇರುವೆಯಂಥ ಅಕ್ಷರದಲ್ಲಿ:
ಲ್ಯಾಟಿನ್ ಮೂಲ. ಮನುಸ್ ಅಂದರೆ ಕೈ.

ಕೈ.
ತೀರ್ಥೇಶನನ್ನು ನೋಡಿದ್ದೇನೆ, ಹೋದ ವಾಯಿದೆಯ ದಿನ.
ನಿದಿಗೆಯವನು, ಫೌಂಡ್ರಿಯಲ್ಲಿ ಒಂಬತ್ತು ವರ್ಷ,
ಟ್ರಿಮ್ಮಿಂಗ್ ಪ್ರೆಸ್ಸಿನಡಿ ಬಲಗೈಯ ಮೂರು ಬೆರಳು.
ಆವತ್ತು ಅವನು ಡ್ಯೂಟಿಗೇ ಬಂದಿರಲಿಲ್ಲ
ಎನ್ನುತ್ತದೆ ಕಂಪನಿಯ ಹಾಜರಿ ಪುಸ್ತಕ.
ಪುಟವೆಲ್ಲ ನೀಲಿ,
ಅದೊಂದು ಸಾಲು ಮಾತ್ರ ಕಪ್ಪು ಶಾಯಿ.
ಬೆಂಚಿನ ತುದಿಯಲ್ಲಿ ಕೂತು
ಎಡಗೈಯೊಂದರಲ್ಲೇ ಕಡಲೆಕಾಯಿ ಒಡೆಯುತ್ತಿದ್ದ,
ಕೋರ್ಟಿನ ನೆಲ ಹೊಲಸಾಗದಂತೆ
ಸಿಪ್ಪೆ ಜೇಬಿಗೇ ಹಾಕಿಕೊಳ್ಳುತ್ತಿದ್ದ.

ಮೊದಲ ಕರಡಿನಲ್ಲಿ ಬರೆದೆ:
ಅರ್ಜಿದಾರರ ಗಾಯವು ಕಟ್ಟಿದ್ದಾಗಿದೆ.
ಓದಿಕೊಂಡೆ, ನಗು ಬಂತು.
ಹೌದಲ್ಲ, ಮೆಗ್ಗಾನ್ ಆಸ್ಪತ್ರೆಯ ನರ್ಸಮ್ಮ
ಹನ್ನೊಂದು ದಿನ ಕಟ್ಟಿದ್ದು, ಬಿಚ್ಚಿ ಮತ್ತೆ ಕಟ್ಟಿದ್ದು.
ನಮ್ಮಲ್ಲಿ ಕಟ್ಟದೆ ಇರುವುದು ಏನಿದೆ?
ಹೂವು, ಗೋಡೆ, ಬುತ್ತಿ, ಚೀಟಿಯ ಕಂತು, ಸಂಘ, ಕತೆ.
ಒಂದೇ ಪದ
ಸೂರಿಗೂ ಸುಳ್ಳಿಗೂ ಬಾಗಿಲು ತೆರೆದಿಟ್ಟು ಕೂತಿದೆ.

ಹೊಡೆದು ಹಾಕಿದೆ. ಕೋರ್ಟಿನ ಕನ್ನಡಕ್ಕೆ ಬೇರೆಯೇ ರೂಢಿ:
ಸೃಷ್ಟಿಸಿದ ದಾಖಲೆ, ಸೃಷ್ಟಿಸಿದ ಸಹಿ.
ಬ್ರಹ್ಮನ ಕಸುಬು ತಂದು
ಖೊಟ್ಟಿ ಕಾಗದಕ್ಕೆ ಹಚ್ಚಿದವರು ಯಾರೋ.
ಅದನ್ನೇ ಬರೆದೆ.
ಅನುವಾದ ಮಾಡುವವಳಿಗೆ ಸ್ವಂತ ಅಭಿಪ್ರಾಯ ಇರುವುದಿಲ್ಲ,
ಇದ್ದರೂ ಪುಟದ ಲೆಕ್ಕಕ್ಕೆ ಬರುವುದಿಲ್ಲ.

ಬೆಳಿಗ್ಗೆ ಮೆಟ್ಟಿಲ ಬಳಿ ಅವನೇ ಸಿಕ್ಕ.
"ಏನ್ ಬರ್ದಾರೆ ಮೇಡಂ, ನನ್ ಮೇಲೆ?"
ಹೇಳಿದೆ. ಮೂಲದ ಪದವನ್ನೂ ಹೇಳಿದೆ,
ಅದರೊಳಗೆ ಅಡಗಿರುವ ಕೈಯನ್ನೂ.
ಸ್ವಲ್ಪ ಹೊತ್ತು ಬಾಯಲ್ಲಿ ಹೊರಳಿಸಿ ನೋಡಿದ.
"ನಮ್ ಗೇಟ್ ಮೇಲೂ ಅದೇ ಐತಲ್ಲ.
ದೀಪಾವಳಿ ರಜದಾಗೆ ನಾನೇ ಬಣ್ಣ ಹೊಡ್ದಿದ್ದು,
ಒಂದ್ ಅಕ್ಷರನೂ ಸೊಟ್ಟ ಇಲ್ಲ, ನೋಡಿ ಬೇಕಾರೆ."

ಒಳಗೆ ಕೂಗಿದರು.
ಪೆನ್ನು ಹಿಡಿಯಲು ನೋಡಿ ಬಿಟ್ಟ.
ಗುಮಾಸ್ತರು ಶಾಯಿ ಡಬ್ಬಿಯನ್ನು ಅವನೆಡೆ ಸರಿಸಿದರು.
ಎಡಗೈ ಹೆಬ್ಬೆಟ್ಟು ಒತ್ತಿ,
ಒರೆಸಿಕೊಳ್ಳಲು ಜೇಬು ತಡಕಿದ.
ಅದೇ ಅಂಗಿ.
ಹೋದ ವಾಯಿದೆಯ ಸಿಪ್ಪೆ ಎರಡು
ಮೇಜಿನ ಕೆಳಗೆ ಬಿದ್ದವು.