ಎಳೆ

ಅಬರ್ಡೀನಿನಲ್ಲಿ ಮನೆ, ಚರ್ಚು, ಜೈಲು, ಬ್ಯಾಂಕು
ಎಲ್ಲ ಒಂದೇ ಬೂದು ಕಲ್ಲು.
ಮಳೆ ನಿಂತು ಬಿಸಿಲು ಬಿದ್ದರೆ ಸಾಕು,
ಅಭ್ರಕ ಮಿನುಗಿ ಬೀದಿಗೆ ಬೀದಿಯೇ
ಈಗಷ್ಟೇ ಬೆಳಗಿಟ್ಟ ಪಾತ್ರೆ.

ಇವತ್ತಿನ ಪಟ್ಟಿಯಲ್ಲಿ ಮೂರನೆಯವರು
ಇನ್ನೆಸ್ ಲಮ್ಸ್‌ಡೆನ್, ಎಪ್ಪತ್ತೊಂದು.
ಆ ಕಲ್ಲಿಗೆ ನಲವತ್ತು ವರ್ಷ ಉಳಿ ಹಿಡಿದವರು.
ಎಡಗಡೆ ಕಿಡ್ನಿ, ಹನ್ನೊಂದು ಮಿಲಿಮೀಟರು.
"ನಾನು ಒಡೆದವುಗಳದ್ದೇ ಶಾಪ ಮಗಳೇ"
ಎಂದು ಅರಿವಳಿಕೆಗೆ ಮೊದಲು ನಕ್ಕರು.

ನಾನು ನಗಲಿಲ್ಲ.
ಸಾದಹಳ್ಳಿಯಲ್ಲಿ ನಮ್ಮ ತಾತ
ಬಂಡೆಯ ಮೇಲೆ ಕವುಚಿ ಮಲಗಿ
ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕಿವಿಯಿಡುತ್ತಿದ್ದ.
"ಬಲದಿಂದ ಆಗಲ್ಲ ಕಣವ್ವ, ಎಳೆ ಸಿಗಬೇಕು."
ಸಿಕ್ಕಿತೋ, ಒಂದು ಸಾಲು ಚಾಣ, ಅಷ್ಟೇ;
ಆನೆಯಂಥ ಬಂಡೆ ಕೊಬ್ಬರಿಯ ಹೋಳು.

ಇಲ್ಲಿ ಎಳೆ ನನ್ನ ಕೈಯಲ್ಲೇ ಇದೆ.
ಕೂದಲಿಗಿಂತ ತುಸು ದಪ್ಪ, ಗಾಜಿನದು,
ಬಳುಕಿದರೆ ಸರಿ, ಮುರಿದರೆ ನನ್ನ ವಾರದ ಸಂಬಳ.
ಉಚ್ಚೆ ಇಳಿವ ದಾರಿಯಲ್ಲೇ ಎದುರು ಹತ್ತಿ
ದುರ್ಬೀನು ಹೋಗುತ್ತದೆ. ಪರದೆಯ ಮೇಲೆ
ಗುಲಾಬಿ ಗುಹೆ, ಅದರ ಮೂಲೆಯಲ್ಲಿ
ಹಲಸಿನ ಸಿಪ್ಪೆಯ ಹಾಗೆ ಮುಳ್ಳುಮುಳ್ಳಾಗಿ
ಕೂತಿದೆ, ಬಾಡಿಗೆ ಕೊಡದೆ.

ಎಲ್ಲರಿಗೂ ಕನ್ನಡಕ. ಬಾಗಿಲಿಗೆ ಕೆಂಪು ದೀಪ.
ಡಾಕ್ಟರ್ ಎಕುಮಾ ಕೇಳುತ್ತಾರೆ, "ಲೇಸರ್?"
"ರೆಡಿ" ಅನ್ನುವುದು ನನ್ನ ಕೆಲಸ.
ಮದ್ದಿನ ಬತ್ತಿಗೆ ಕಡ್ಡಿ ಗೀರುವ ಮೊದಲು ತಾತ
"ಹೋಯ್, ದೂರಾ..." ಕೂಗುತ್ತಿದ್ದ;
ದನ, ಮಕ್ಕಳು, ಸೌದೆಗೆ ಬಂದವರು ಓಡುತ್ತಿದ್ದರು.
ಇಲ್ಲಿ ಯಾರೂ ಓಡುವುದಿಲ್ಲ.
ಹಸಿರು ಚುಕ್ಕಿ ಕಲ್ಲನ್ನು ಮುಟ್ಟುತ್ತದೆ,
ಟಿಕ್ ಟಿಕ್ ಟಿಕ್, ಒಗ್ಗರಣೆಯ ಸಾಸಿವೆ.
ರಾಗಿಹಿಟ್ಟು ಚೆಲ್ಲಿದಂತೆ ಪರದೆ ಮಸುಕು.
ಕಾಯುತ್ತೇವೆ. ನೀರು ಬಿಡುತ್ತೇನೆ. ತಿಳಿ.
ಮತ್ತೆ.

ತಾತನ ಎದೆಯಲ್ಲೂ ಹಿಟ್ಟೇ ಇತ್ತು ಕೊನೆಗೆ.
ಅದನ್ನು ತೊಳೆಯಲು ಯಾವ ದಾರಿಯೂ ಇರಲಿಲ್ಲ.

ಐವತ್ತು ನಿಮಿಷ.
ತಂತಿಯ ಬುಟ್ಟಿಯಲ್ಲಿ ಒಂದೇ ಒಂದು ಚೂರು
ಹಿಡಿದು ತಂದೆವು, ಪರೀಕ್ಷೆಗೆ.

ಸಂಜೆ ವಾರ್ಡಿನಲ್ಲಿ ಲಮ್ಸ್‌ಡೆನ್ ಡಬ್ಬಿ ಕೇಳಿದರು.
ಕಿಟಕಿಗೆ ಹಿಡಿದರು, ಒಂದು ಕಣ್ಣು ಮುಚ್ಚಿ.
ಉಗುರಲ್ಲಿ ತಟ್ಟಿ ಕಿವಿಯ ಹತ್ತಿರ ತಂದರು,
ಥೇಟ್.
"ಕಳಪೆ ಮಾಲು. ಇದರಲ್ಲಿ ಒಂದು ಹೊಸ್ತಿಲೂ ಆಗಲ್ಲ."

ಹೊರಗೆ ಮಳೆ ನಿಂತಿತ್ತು.
ಬಸ್‌ಸ್ಟಾಪಿನ ಪಕ್ಕದ ಗೋಡೆಯನ್ನು,
ಯಾರೂ ನೋಡುತ್ತಿಲ್ಲವೆಂದು ನೋಡಿಕೊಂಡು,
ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟೆ.
ತಣ್ಣಗೆ ಕೊರೆಯಿತು. ಏನೂ ಕೇಳಿಸಲಿಲ್ಲ.
ಇನ್ನೊಮ್ಮೆ ತಟ್ಟುವಷ್ಟರಲ್ಲಿ
ಹತ್ತೊಂಬತ್ತನೇ ನಂಬರು ಬಂತು.